ಕಳ್ಸ್ದೆ ಅಂದರೆ ನಾನೋ, ನೀನೋ

ಆಗಿನ ಫೋನುಗಳಲ್ಲಿ ಕನ್ನಡ ಅಕ್ಷರ ಇರಲಿಲ್ಲ. ದೆಹಲಿಯಲ್ಲಿದ್ದ ನಾವೆಲ್ಲ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಅರ್ಧಕ್ಕರ್ಧ ಸ್ವರಗಳನ್ನು ನುಂಗಿ, ಕುಗ್ಗಿಸಿ ಕುಗ್ಗಿಸಿ ಬರೆಯುತ್ತಿದ್ದೆವು. ನಾನು, ನೀನು ಅನ್ನುವ ಪದಗಳನ್ನು ಯಾರೂ ಬರೆಯುತ್ತಲೇ ಇರಲಿಲ್ಲ. ಕ್ರಿಯಾಪದವೇ ಹೇಳುತ್ತದಲ್ಲ, ಮತ್ತೇಕೆ ಬೆರಳು ನೋಯಿಸಿಕೊಳ್ಳುವುದು! ಈ ಜಿಪುಣತನ ಒಬ್ಬ ಹುಡುಗಿಯನ್ನು ಜೈಲಿನ ಬಾಗಿಲಿನವರೆಗೆ ಎಳೆದುಕೊಂಡು ಹೋಗಿತ್ತು ಅಂದರೆ ಈಗಿನವರು ನಂಬುವುದು ಕಷ್ಟ. ನಾನು ಆ ಹುಡುಗಿಯ ವಕೀಲೆಯಾಗಿದ್ದೆ.

ಮೆಟ್ರೋ ನಾವಿದ್ದ ದ್ವಾರಕೆ ಬಡಾವಣೆಗೆ ಬಂದು ಒಂದು ವರ್ಷವಷ್ಟೇ ಆಗಿತ್ತು. ಚಳಿಗಾಲದ ಒಂದು ಭಾನುವಾರ ತಾಯಿ ಮಗಳು ಇಬ್ಬರೂ ನಮ್ಮ ಸೊಸೈಟಿಯ ಗೇಟಿನಲ್ಲಿ ವಿಳಾಸ ಕೇಳಿಕೊಂಡು ಮೇಲೆ ಬಂದರು. ಮಗಳು ದೆಹಲಿಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಇಪ್ಪತ್ತು ವರ್ಷ. ತಾಯಿ ಸುದ್ದಿ ಕೇಳಿ ತುಮಕೂರಿನಿಂದ ರೈಲು ಹತ್ತಿ ಬಂದಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಸೋಫಾದ ತುದಿಯಲ್ಲಿ ಕೂತರು. ಮಗಳು ಮಾತ್ರ ನೆಟ್ಟಗೆ ಕೂತು, ಯಾರೋ ಮೂರನೆಯವರ ಕಥೆ ಹೇಳುವವಳ ಹಾಗೆ ಹೇಳಿದಳು.

ಅವಳಿಗೊಬ್ಬ ಹುಡುಗನ ಸ್ನೇಹವಿತ್ತು. ಹಾಸನದ ಕಡೆಯವನು, ಗುಡಗಾಂವದ ಕಂಪನಿಯೊಂದರಲ್ಲಿ ಕೆಲಸ, ಅವಳಿಗಿಂತ ಎರಡು ವರ್ಷ ದೊಡ್ಡವನು. ಅವನು ಕೇಳಿದ ಅಂತ ತನ್ನದೊಂದು ಪಟ ತೆಗೆದು ಅವನ ಫೋನಿಗೆ ಕಳಿಸಿದ್ದಳು. ಪಟ ಹೇಗಿತ್ತು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಅಷ್ಟೇ. ಆಮೇಲೆ ಅವಳು ಅವನ ಸಹವಾಸ ಬೇಡ ಅಂದಳು. ಅವನು ಆ ಪಟವನ್ನು ಅವಳ ಕಾಲೇಜಿನವರಿಗೆ, ತನ್ನ ಆಫೀಸಿನವರಿಗೆ, ಘಾಜಿಯಾಬಾದಿನಲ್ಲಿದ್ದ ಹದಿನೇಳು ವರ್ಷದ ತನ್ನ ಚಿಕ್ಕಪ್ಪನ ಮಗನಿಗೆ, ಹೀಗೆ ಸಿಕ್ಕವರಿಗೆಲ್ಲ ಕಳಿಸಿದ. ಆ ಚಿಕ್ಕಪ್ಪನ ಮಗ ತನ್ನ ಟ್ಯೂಷನ್ನಿನಲ್ಲಿ ಹಂಚಿದ.

"ನಾನೇ ಹೋಗಿ ಪೊಲೀಸ್ ಕಂಪ್ಲೇಂಟ್ ಕೊಟ್ಟೆ ಮೇಡಂ" ಅಂದಳು. "ಈಗ ಅವರು ನನ್ನನ್ನೇ ಅರೆಸ್ಟ್ ಮಾಡ್ತೀವಿ ಅಂತಿದಾರೆ."

"ನಿನ್ನನ್ನಾ? ಯಾಕೆ?"

"ನಾನೇ ಎಲ್ಲರಿಗೂ ಕಳಿಸಿದೆ ಅಂತ ನಾನೇ ಒಪ್ಕೊಂಡಿದೀನಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ತನಿಖಾಧಿಕಾರಿಯ ಮುಂದೆ ಹೋಗಿ ಕೂತೆ. ಅವರೇನೂ ಕೆಟ್ಟವರಲ್ಲ, ಚಹಾ ತರಿಸಿಕೊಟ್ಟರು. ಆದರೆ ಹುಡುಗಿ ಇಂಥ ಪಟ ತೆಗೆದುಕೊಂಡದ್ದೇ ಅವರ ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು. ಹುಡುಗನ ಫೋನಿನಲ್ಲಿ ಸಿಕ್ಕಿದ್ದ ಅವಳ ಸಂದೇಶವನ್ನೂ, ಅದರ ಇಂಗ್ಲಿಷ್ ಅನುವಾದವನ್ನೂ ನನ್ನ ಮುಂದೆ ತಳ್ಳಿದರು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಇಷ್ಟು: 'ಎಲ್ಲರ್ಗೂ ಕಳ್ಸ್ದೆ. ನನ್ ಬಾಳು ಹಾಳ್ ಮಾಡ್ದೆ.' ಅನುವಾದ ಹೇಳುತ್ತಿತ್ತು: ನಾನು ಎಲ್ಲರಿಗೂ ಕಳಿಸಿದೆ, ನಾನು ನನ್ನ ಬಾಳು ಹಾಳು ಮಾಡಿಕೊಂಡೆ.

"ನೋಡಿ ಮ್ಯಾಡಂ, ಪಶ್ಚಾತ್ತಾಪ ಎಷ್ಟು ಚೆನ್ನಾಗಿ ಬರೆದಿದ್ದಾಳೆ" ಅಂದರು ಅಧಿಕಾರಿ.

"ಅಯ್ಯೋ ರಾಮ! ಇದು ಪಶ್ಚಾತ್ತಾಪ ಅಲ್ಲ ಸಾರ್, ಬೈಗುಳ! ನೀನು ಎಲ್ಲರಿಗೂ ಕಳಿಸಿದೆ, ನೀನು ನನ್ನ ಬಾಳು ಹಾಳು ಮಾಡಿದೆ ಅಂತ ಬೈದಿದ್ದಾಳೆ."

"ನೀವು ಅವಳ ವಕೀಲರು, ಹಾಗೇ ಹೇಳ್ತೀರಿ. ಇದನ್ನ ಅನುವಾದ ಮಾಡಿದವರು ಕನ್ನಡದವರೇ. ಸೆಂಟ್ರಲ್ ಗೌರ್ಮೆಂಟಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಅವರಿಗೆ ಅವರ ಭಾಷೆ ಬರೋದಿಲ್ವೇ?"

ಆಗಿನ ಐಟಿ ಕಾಯ್ದೆಯ ಅರವತ್ತೇಳನೆಯ ಕಲಮು ಒಂದು ಕುರುಡು ಕಲಮು. ಅಶ್ಲೀಲವಾದದ್ದನ್ನು ಇಂಥ ಸಾಧನಗಳ ಮೂಲಕ ಪ್ರಕಟಿಸಿದವರಿಗೆ, ರವಾನಿಸಿದವರಿಗೆ ಐದು ವರ್ಷದವರೆಗೆ ಜೈಲು, ಮೇಲೆ ದಂಡ. ಪಟ ಯಾರದು, ಯಾರ ಒಪ್ಪಿಗೆ ಇತ್ತು, ಯಾರ ಮಾನ ಹೋಯಿತು ಎಂಬ ಗೊಡವೆಯೇ ಅದಕ್ಕಿರಲಿಲ್ಲ. ಕಳಿಸಿದೆಯಾ, ಸಿಕ್ಕಿಕೊಂಡೆ. ಹುಡುಗಿಯನ್ನು ಆರೋಪಿ ಮಾಡಿದರೆ ಹುಡುಗನ ಕಡೆಯವರಿಗೆ ಹಬ್ಬ, ಅವಳೇ ಹಂಚಿದಳು ಅಂತ ಅವನು ಕೈ ತೊಳೆದುಕೊಳ್ಳುತ್ತಾನೆ. ಕಾಲೇಜಿನವರೂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ದೂರುದಾರಳಾದರೆ ಪರೀಕ್ಷೆಗೆ ಕೂರಬಹುದು, ಆರೋಪಿಯಾದರೆ ಹಾಲ್ ಟಿಕೆಟ್ ಇಲ್ಲ. ಅಂತೂ ಆ ಹುಡುಗಿಯ ಬದುಕೆಲ್ಲ ಒಂದು ಕ್ರಿಯಾಪದದ ಬಾಲಕ್ಕೆ ಜೋತುಬಿದ್ದಿತ್ತು.

"ಅವನ ಉತ್ತರಾನೂ ಇದೆಯಲ್ಲ ಸಾರ್, ಇವಳ ಫೋನಿನಲ್ಲಿ?" ಅಂದೆ.

ಇತ್ತು. ಅವನು ಬರೆದಿದ್ದ: 'ಹೂಂ ಕಳ್ಸ್ದೆ. ಏನಿವಾಗ?' ಎಂಥ ಕೊಬ್ಬು ನೋಡಿ! ಅಧಿಕಾರಿ ಅದನ್ನು ಅನುವಾದಕ್ಕೇ ಕಳಿಸಿರಲಿಲ್ಲ. ಹುಡುಗಿ ಕಳಿಸಿದೆ ಅಂದಳು, ಹುಡುಗ ಹೂಂ ಅಂದ, ಅದರಲ್ಲಿ ಅನುವಾದ ಮಾಡುವಂಥದ್ದೇನಿದೆ ಅಂತ ಅವರ ವಾದ. ನಾನು ಬಂಧನಕ್ಕೆ ಮೊದಲೇ ಪಡೆಯುವ ನಿರೀಕ್ಷಣಾ ಜಾಮೀನಿನ ಅರ್ಜಿ ಹಾಕುತ್ತೇನೆ ಅಂತ ಹೇಳಿ ಎದ್ದು ಬಂದೆ. ಆದರೆ ತಲೆ ಕೆಟ್ಟುಹೋಗಿತ್ತು. ಒಬ್ಬ ಓದಿದ ಕನ್ನಡದ ಮನುಷ್ಯ 'ಕಳ್ಸ್ದೆ' ಅನ್ನುವುದನ್ನು 'ನಾನು' ಅಂತಲೇ ಹೇಗೆ ಓದಿದ? ದುಡ್ಡು ತಿಂದನೋ? ಹುಡುಗಿಯರೆಲ್ಲ ಹೀಗೇ ಅನ್ನುವ ಜಾತಿಯ ಮುದುಕನೋ? ಮೆಟ್ರೋದಲ್ಲಿ ಕೂತು ಆ ಕಂಡರಿಯದ ಮನುಷ್ಯನಿಗೆ ಮನಸ್ಸಿನಲ್ಲೇ ಸಹಸ್ರನಾಮ ಮಾಡಿದೆ.

ಅದಕ್ಕೆ ಉತ್ತರ ಸಿಕ್ಕಿದ್ದು ನನ್ನ ಗಂಡನಿಂದ. ಅವರು ಧಾರವಾಡದವರು, ನಾನು ಮೈಸೂರಿನವಳು. ಓಖ್ಲಾದ ಒಂದು ಪ್ರಿಂಟಿಂಗ್ ಕಂಪನಿಯಲ್ಲಿ ಅವರಿಗೆ ಕೆಲಸ. ಅದೇ ವಾರ ಒಂದು ದಿನ ಬೆಳಿಗ್ಗೆ ಅವರು ಮನೆಯ ಬೀಗದ ಕೈ ಮೇಜಿನ ಮೇಲೇ ಬಿಟ್ಟು ಹೋಗಿದ್ದರು. ಮಧ್ಯಾಹ್ನ ಅದು ಕಣ್ಣಿಗೆ ಬಿತ್ತು. ನಾನು ಅವರ ಫೋನಿಗೆ ಎರಡೇ ಮಾತು ಕಳಿಸಿದೆ: 'ಬೀಗದ್ಕೈ ಮರ್ತೆ.' ಸಂಜೆ ಬರುವ ಮೊದಲು ಫೋನ್ ಮಾಡಲಿ, ಬಾಗಿಲು ತೆಗೆಯಲು ನಾನು ಮನೆಯಲ್ಲಿರಬೇಕಲ್ಲ ಅಂತ. ಒಂದೂವರೆ ಗಂಟೆ ಕಳೆದಿರಬೇಕು, ಕರೆಗಂಟೆ ಬಡಿದುಕೊಳ್ಳತೊಡಗಿತು. ಬಾಗಿಲು ತೆಗೆದರೆ ಇವರು! ಓಖ್ಲಾದಿಂದ ಆಟೋ ಹಿಡಿದು ಓಡಿ ಬಂದಿದ್ದಾರೆ, ಏದುಸಿರು ಬಿಡುತ್ತಿದ್ದಾರೆ.

"ನೀ ಒಳಗ ಹೆಂಗ ಬಂದಿ?" ಅಂದರು.

"ನಾನು ಹೊರಗೆ ಹೋಗಿದ್ದರೆ ತಾನೆ ಒಳಗೆ ಬರೋದು!"

"ಮತ್ತ ಬೀಗದಕೈ ಮರತೆ ಅಂತ ಬರದೀ? ಹೊರಗ ಥಂಡ್ಯಾಗ ನಿಂತೀ ಅಂತ ಆಫೀಸ್ ಬಿಟ್ಟು ಓಡಿ ಬಂದೇನಿ ನಾ!"

"ನಾನಲ್ಲ ರೀ, ನೀವು! ನೀವು ಮರೆತಿರಿ ಅಂತ ಪೂರ್ತಿ ಬರೆಯೋಕೆ ಸೋಮಾರಿತನ. ಫೋನಿನಲ್ಲಿ ನಿಮ್ಮನ್ನ ಏಕವಚನದಲ್ಲೇ ಬೈಯೋದು, ನಿಮಗೆ ಗೊತ್ತಿಲ್ವಾ?"

"ಬೈಯ್, ಏಕವಚನದಾಗ ಬೈಯ್, ಬ್ಯಾಡ ಅನ್ನೂದಿಲ್ಲ. ಆದ್ರ ನಾ ಮರತಿದ್ರ 'ಮರತಿ' ಅನ್ನಬೇಕಿಲ್ಲೇನ? 'ಮರತೆ' ಅಂದ್ರ ನೀನ ಮರತಂಗ. ನಿಮ್ಮ ಮೈಸೂರ ಮಂದಿಗೆ ನಾನು ನೀನು ಎರಡೂ ಒಂದ ಏನ?"

ನಾನು ಬಾಗಿಲಿನಲ್ಲೇ ನಿಂತುಬಿಟ್ಟೆ. ಅವರ ಎರಡೂ ಕೈ ಹಿಡಿದು ಕುಣಿದುಬಿಟ್ಟೆ ಅಂತಲೂ ಹೇಳಬೇಕು. ಎದುರು ಫ್ಲ್ಯಾಟಿನ ಪಂಜಾಬಿ ಆಂಟಿ ಬಾಗಿಲು ತೆರೆದು ನೋಡಿ ಮತ್ತೆ ಹಾಕಿಕೊಂಡರು. ನಮ್ಮ ಕಡೆ ನಾನೂ ಬಂದೆ, ನೀನೂ ಬಂದೆ. ಅವರ ಕಡೆ ನಾ ಬಂದೆ, ನೀ ಬಂದಿ. ಎಷ್ಟು ವರ್ಷ ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ, ಈ 'ಬಂದಿ' 'ಹೋದಿ'ಗಳನ್ನು ಅಣಕಿಸಿ ನಕ್ಕಿದ್ದೇನೆ, ಕೇಸಿನ ಮುಂದೆ ಮಾತ್ರ ಹೊಳೆದಿರಲಿಲ್ಲ.

"ಆ ಅನುವಾದ ಮಾಡಿದವರು ಯಾವ ಊರಿನವರು, ಗೊತ್ತಾ ನಿಮಗೆ?" ಅಂದೆ. ದ್ವಾರಕೆಯ ಕನ್ನಡದವರೆಲ್ಲ ಇವರಿಗೆ ಪರಿಚಯ.

"ಗೊತ್ತಿಲ್ದ ಏನ? ವಿಜಾಪುರದವರು. ಯುಗಾದಿಗೆ ಹೋಳಿಗಿ ಊಟಕ್ಕ ಅವರ ಬಾಜೂನ ಕೂತಿದ್ದೆ. ಛಲೋ ಮನಶಾ. ನಡಿ, ಈಗ ಹೋಗಿ ಹೇಳೂಣು, ತಿದ್ದಿ ಕೊಡ್ತಾರ."

ಹೋಗಲೇಬೇಕು ಅಂತ ನನಗೂ ಕಾಲು ತುರಿಸುತ್ತಿತ್ತು. ಆದರೆ ಹೋದರೆ ಕೆಡುತ್ತದೆ. ಆರೋಪಿಯಾಗಬಹುದಾದವಳ ವಕೀಲೆ ಪೊಲೀಸರ ಅನುವಾದಕನ ಮನೆಗೆ ಹೋಗಿ ಚಹಾ ಕುಡಿದು ಬಂದಳು, ಮಾರನೆಯ ದಿನ ಅನುವಾದ ಬದಲಾಯಿತು ಅಂದರೆ ಯಾವ ಜಡ್ಜ್ ನಂಬುತ್ತಾನೆ? ಹೇಳುವುದಿದ್ದರೆ ಅವರೇ ಕೋರ್ಟಿನಲ್ಲಿ, ಎಲ್ಲರೆದುರು ಹೇಳಬೇಕು. ಅವರು ಮೊಂಡು ಹಿಡಿದರೆ? ತಾನು ಬರೆದದ್ದೇ ಸರಿ ಅಂತ ಕೂತರೆ? ಆ ಭಯ ವಿಚಾರಣೆಯ ದಿನದವರೆಗೂ ಬಿಡಲಿಲ್ಲ. ತಾಯಿಗೆ ಮಾತ್ರ ಧೈರ್ಯ ಹೇಳುತ್ತಲೇ ಇದ್ದೆ. "ಅಮ್ಮ, ಆ ಮಾತಿಗೆ ಎರಡು ಅರ್ಥ ಇದೆ ಅಂತ ತೋರಿಸಿದರೆ ಸಾಕು." ಆಕೆ ನನ್ನ ಮುಖವನ್ನೇ ನೋಡಿ, "ನಮ್ಮನೇಲಿ ಯಾರನ್ನ ಕೇಳಿದ್ರೂ ಅದಕ್ಕೆ ಒಂದೇ ಅರ್ಥ ಕಣಮ್ಮ. ಅವ್ನೇ ಕಳ್ಸಿದ್ದು" ಅಂದರು.

ಜಾಮೀನು ಅರ್ಜಿಯ ವಿಚಾರಣೆಯ ದಿನ ಹುಡುಗನ ವಕೀಲರೂ ಬಂದು ಸರ್ಕಾರಿ ವಕೀಲರ ಪಕ್ಕದಲ್ಲಿ ನಿಂತರು. ಅವರ ಹಿಂದೆ ಹುಡುಗನ ತಂದೆ. ಹುಡುಗಿ, ತಾಯಿ ಹಿಂದಿನ ಬೆಂಚಿನಲ್ಲಿ. ನನ್ನ ಕೋರಿಕೆಯ ಮೇಲೆ ಜಡ್ಜ್ ಅನುವಾದಕರನ್ನೂ ಬರಹೇಳಿದ್ದರು. ಬೂದು ಬಣ್ಣದ ಕೋಟು, ಕುತ್ತಿಗೆಗೆ ಮಫ್ಲರು, ಹಣೆಯಲ್ಲಿ ವಿಭೂತಿ. ನಾನು ಸಹಸ್ರನಾಮ ಮಾಡಿದ್ದ ಮನುಷ್ಯ ನೋಡಿದರೆ ನಮ್ಮ ಮಾವನವರ ಹಾಗೇ ಇದ್ದರು.

ನಾನು ಮೊದಲು ಜಡ್ಜ್ ಸಾಹೇಬರನ್ನೇ ಕೇಳಿದೆ. "ಸಾರ್, ಹಿಂದಿಯಲ್ಲಿ ಯಾರಾದರೂ 'ಸಬ್ ಕೋ ಭೇಜ್ ದಿಯಾ' ಅಂತ ಬರೆದರೆ ಕಳಿಸಿದ್ದು ಯಾರು?"

ಅವರು ಕನ್ನಡಕ ತೆಗೆದರು. "ನಾನೂ ಆಗಬಹುದು, ನೀವೂ ಆಗಬಹುದು. ಸಂದರ್ಭ ನೋಡಬೇಕು."

"ನಮ್ಮಲ್ಲೂ ಅಷ್ಟೇ ಸಾರ್. ಇಂಗ್ಲಿಷಿಗೆ ತಂದಾಗ ಒಬ್ಬ ಕರ್ತೃವನ್ನು ಹಾಕಲೇಬೇಕಲ್ಲ, ಅಲ್ಲಿ 'ನಾನು' ಬಂದು ಕೂತುಬಿಟ್ಟಿದೆ."

ಅನುವಾದಕರು ತಟ್ಟನೆ ಎದ್ದರು, ಅವಮಾನವಾದವರ ಹಾಗೆ. "ಸುಮ್ಮನೆ ಬಂದು ಕೂತಿಲ್ಲ ಸಾರ್. ಕನ್ನಡದಲ್ಲಿ ನೀನು ಅನ್ನುವುದಕ್ಕೆ ಬೇರೆ ರೂಪ ಇದೆ, ಕಳಿಸಿದಿ. ಇಲ್ಲಿ ಕಳ್ಸ್ದೆ ಅಂತಿದೆ. ಹಾಗಾಗಿ ನಾನು ಅಂತಲೇ ಅರ್ಥ." ಸರ್ಕಾರಿ ವಕೀಲರು ತಲೆಯಾಡಿಸಿದರು. ಹುಡುಗನ ವಕೀಲರಂತೂ ಹಿಗ್ಗಿಹೋದರು. "ಬೇರೆ ಅರ್ಥ ಸಾಧ್ಯವೇ ಇಲ್ಲ ಅಂತ ಪಂಡಿತರು ಹೇಳ್ತಿದ್ದಾರೆ, ಮೈ ಲಾರ್ಡ್."

"ಹಾಗಾದರೆ ದಯವಿಟ್ಟು ಇದನ್ನೂ ಅದೇ ನಿಯಮದಲ್ಲಿ ಅನುವಾದಿಸಿ ಸಾರ್. ಯಾರದು ಅಂತ ನಾನು ಹೇಳೋದಿಲ್ಲ" ಅಂತ ಎರಡನೆಯ ಸಂದೇಶವನ್ನು ಅವರ ಕೈಗೆ ಕೊಟ್ಟೆ.

ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಹೌದು, ನಾನು ಕಳಿಸಿದೆ. ಈಗೇನು? ಅಂತ ಸಾರ್. ಸ್ವಲ್ಪ ಧಿಮಾಕಿನ ಧಾಟಿ ಇದೆ."

"ಅದು ಹುಡುಗನ ಉತ್ತರ ಸಾರ್" ಅಂದೆ.

ಹುಡುಗನ ತಂದೆ ದಿಢೀರನೆ ಮುಂದೆ ಬಾಗಿ ವಕೀಲರ ಕಿವಿಯಲ್ಲಿ ಏನೋ ಉಸುರಿದರು. ವಕೀಲರು ಕೈ ಎತ್ತಿಕೊಂಡು ಮುಂದೆ ನುಗ್ಗಿದರು. "ಇಲ್ಲ ಇಲ್ಲ, ತಪ್ಪು! ಇವರು ಹಾಸನದ ಕಡೆಯವರು. ಅವರ ಕನ್ನಡದಲ್ಲಿ ಕಳ್ಸ್ದೆ ಅಂದರೆ ನೀನು ಕಳಿಸಿದೆ ಅಂತಲೂ ಆಗುತ್ತದೆ!"

ಇನ್ನು ನಾನು ಹೇಳುವುದೇನಿತ್ತು? ನನ್ನ ವಾದವನ್ನೆಲ್ಲ ಅವರೇ ಮಾಡಿ ಮುಗಿಸಿದ್ದರು. ಜಡ್ಜ್ ಅವರನ್ನೇ ನೋಡುತ್ತ, "ಅಚ್ಛಾ! ಎರಡು ನಿಮಿಷದ ಹಿಂದೆ ಸಾಧ್ಯವೇ ಇಲ್ಲ ಅಂದಿರಲ್ಲ ವಕೀಲ್ ಸಾಬ್? ಹುಡುಗ ಬರೆದರೆ ಎರಡು ಅರ್ಥ, ಹುಡುಗಿ ಬರೆದರೆ ಒಂದೇ ಅರ್ಥವೋ?" ಅಂದರು. ಹಿಂದೆ ಕೂತಿದ್ದ ಕಿರಿಯ ವಕೀಲರೆಲ್ಲ ಗೊಳ್ಳೆಂದು ನಕ್ಕರು.

ಆಗ ಆ ವಿಜಾಪುರದ ಹಿರಿಯರು ಮಾಡಿದ್ದನ್ನು ನಾನು ಮರೆಯುವ ಹಾಗಿಲ್ಲ. ಅವರು ಹಿಂದಿನ ಬೆಂಚಿನ ಕಡೆ ತಿರುಗಿ ಹುಡುಗಿಯನ್ನೇ ಕೇಳಿದರು. "ಏನವಾ, ಯಾವೂರು ನಿಂದು?"

"ತುಮಕೂರು."

"ನಿಮ್ಮ ಕಡೆ 'ನೀ ಬಂದಿ' ಅನ್ನೂದಿಲ್ಲೇನ?"

"ಇಲ್ಲ ಅಂಕಲ್. ನೀನು ಬಂದೆ."

ಅವರು ಹಣೆ ಬಡಿದುಕೊಂಡರು. "ಯಪ್ಪಾ! ಎಂಥಾ ಘಾತ ಮಾಡ್ತಿದ್ದೆ ನಾ!" ಅಂದವರೇ ಜಡ್ಜ್ ಕಡೆ ತಿರುಗಿ, "ಸಾರ್, ನಾನು ನನ್ನ ಊರಿನ ಕನ್ನಡ ಓದಿದ್ದೇನೆ, ಈ ಹುಡುಗಿಯ ಕನ್ನಡ ಅಲ್ಲ. ಇದು ಬೈಗುಳ. ನೀನು ಎಲ್ಲರಿಗೂ ಕಳಿಸಿದೆ ಅಂತ ಬೈದಿದ್ದಾಳೆ. ಅವನು ಹೌದು, ಏನೀಗ ಅಂದಿದ್ದಾನೆ. ನನ್ನ ಅನುವಾದವನ್ನು ಈಗಲೇ, ಇಲ್ಲೇ ತಿದ್ದುತ್ತೇನೆ" ಅಂದರು. ಎದೆಯುಬ್ಬಿಸಿ ಹೇಳಿದರು. ಎಂಥ ದೊಡ್ಡ ಮನುಷ್ಯ!

ಇನ್ನು ಉಳಿದದ್ದು, ಆ ಹುಡುಗನೊಬ್ಬನಿಗೆ ಅಂತ ಅವಳು ಪಟ ಕಳಿಸಿದ್ದರ ಮಾತು. ಸರ್ಕಾರಿ ವಕೀಲರು ಅದನ್ನೊಮ್ಮೆ ಎತ್ತಿ ನೋಡಿದರು. ಜಡ್ಜ್ ಅವರನ್ನೇ ಕೇಳಿದರು: "ಮನೆಗೆ ಕಳ್ಳ ಬಿದ್ದ ಅಂತ ದೂರು ಕೊಟ್ಟವಳನ್ನ, ಮನೆಯಲ್ಲಿ ಒಡವೆ ಯಾಕೆ ಇಟ್ಟಿದ್ದೆ ಅಂತ ಹಿಡಿದುಕೊಂಡು ಹೋಗ್ತೀರಾ?" ಸರ್ಕಾರಿ ವಕೀಲರು ತನಿಖಾಧಿಕಾರಿಯ ಜೊತೆ ಗುಸುಗುಸು ಮಾತಾಡಿ, ಹುಡುಗಿಯನ್ನು ಆರೋಪಿ ಮಾಡುವ ಉದ್ದೇಶವಿಲ್ಲ ಅಂತ ಹೇಳಿಕೆ ಕೊಟ್ಟರು. ಆದೇಶದಲ್ಲಿ ಅವಳ ಹೆಸರಿನ ಮುಂದೆ 'ದೂರುದಾರಳು' ಅಂತ ಬಂತು. ಅದರ ಪ್ರತಿ ಹಿಡಿದು ಹುಡುಗಿ ಕಾಲೇಜಿಗೆ ಹೋದಳು, ಹಾಲ್ ಟಿಕೆಟ್ ತೆಗೆದುಕೊಂಡಳು, ಪರೀಕ್ಷೆ ಬರೆದಳು, ಪಾಸೂ ಆದಳು. ನನಗೆ ಹೊಟ್ಟೆ ತಣ್ಣಗಾಯಿತು. ಆದೇಶ ಬಂದ ದಿನ ಸಂಜೆ ಮನೆಯಲ್ಲಿ ಗಂಡನಿಗೆ ಪಾಯಸ ಮಾಡಿ ಹಾಕಿದೆ. ಆದರೆ ಧಾರವಾಡದ ಕನ್ನಡವೇ ಮೇಲು ಅಂತ ಅವರು ಹೇಳಿದ್ದಕ್ಕೆ ಎರಡನೆಯ ಸಲ ಬಡಿಸಲಿಲ್ಲ.

ಘಾಜಿಯಾಬಾದಿನ ಆ ಚಿಕ್ಕಪ್ಪನ ಮಗನ ವಿಷಯ ಬಾಲನ್ಯಾಯ ಮಂಡಳಿಗೆ ಹೋಯಿತು. ಹದಿನೆಂಟು ತುಂಬಿರದ ಕಾರಣ ಅಲ್ಲಿ ಕಟಕಟೆಯಿಲ್ಲ, ಬೇಡಿಯಿಲ್ಲ, ಪೇಪರಿನಲ್ಲಿ ಹೆಸರಿಲ್ಲ. "ನನ್ ಮಗನ ಬದುಕು ಮುಗೀತಾ ಮೇಡಂ?" ಅಂತ ಅವನ ತಾಯಿ ಬಂದು ನನ್ನನ್ನೇ ಕೇಳಿದರು, ಎದುರು ಕಡೆಯ ವಕೀಲೆ ಅನ್ನುವುದನ್ನೂ ಮರೆತು. ಇಲ್ಲ ಅಂದೆ. ಕಾನೂನು ದೊಡ್ಡವರಿಗೆ ಕೊಡುವುದು ಶಿಕ್ಷೆ, ಇಂಥವನಿಗೆ ಕೊಡುವುದು ಇನ್ನೊಂದು ಅವಕಾಶ. ಈ ದಾಖಲೆ ಮುಂದೆ ನೌಕರಿಗೆ ಅಡ್ಡ ಬರುವುದಿಲ್ಲ ಅಂತ ವಿವರಿಸಿ ಹೇಳಿದೆ. ಮಂಡಳಿ ಅವನಿಗೆ ಸಮಾಲೋಚನೆ, ಸಮುದಾಯ ಸೇವೆ ಅಂತ ಆದೇಶ ಮಾಡಿತು. ಹೊರಗೆ ಬಂದಾಗ ಅವನು ಹುಡುಗಿಯ ಮುಂದೆ ನಿಂತು, ತನಗೆ ಬರುವ ಅರ್ಧಂಬರ್ಧ ಕನ್ನಡದಲ್ಲಿ, "ಅಕ್ಕಾ, ಸೋಚಾ ಹೀ ನಹೀಂ... ನಾನು ಥಿಂಕ್ ಮಾಡಿಲ್ಲ. ಎಲ್ಲಾ ಹಂಸೀ, ನಗು ಮಾಡ್ತಿದ್ರು. ಸಾರಿ" ಅಂದ. ಕಣ್ಣಲ್ಲಿ ನೀರಿತ್ತು. ಹುಡುಗಿ, "ಇನ್ನೊಬ್ಬರದು ಬಂದರೆ ಅಳಿಸು. ಮುಂದೆ ಕಳಿಸಬೇಡ" ಅಂದಳು. ಅವನು ತಲೆಯಾಡಿಸಿದ. ಅವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ.

ದೊಡ್ಡವನ ಮೇಲೆ ಉಳಿಯಿತು. ಅವನು ವಯಸ್ಕ, ಅವನಿಗೆ ಪೂರ್ತಿ ವಿಚಾರಣೆ. ಅವನ ಕಂಪನಿ ಅವನನ್ನು ಮನೆಗೆ ಕಳಿಸಿತು. ನಾವು ಕೋರ್ಟಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದೆವು. ಕೊನೆಗೆ ಅವನಿಗೆ ಜೈಲೂ ಆಯಿತು, ದಂಡವೂ ಆಯಿತು. ಶಿಕ್ಷೆ ಓದಿದ ದಿನ ನಾನು ಕೋರ್ಟಿನ ಮೆಟ್ಟಿಲ ಮೇಲೆ ಎಲ್ಲರಿಗೂ ಜಿಲೇಬಿ ಹಂಚಿದೆ, ಸುಳ್ಳೇಕೆ ಹೇಳಲಿ. ಆದರೆ ಈ ಕೇಸು ಅಂದರೆ ನನಗೆ ಮೊದಲು ನೆನಪಾಗುವುದು ಆ ದಿನವಲ್ಲ, ಅವಳು ಸಾಕ್ಷಿ ಹೇಳಿದ ದಿನ.

ಅಷ್ಟರಲ್ಲಿ ಅವಳು ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಹತ್ತಿಯ ಸೀರೆ ಉಟ್ಟುಕೊಂಡು, ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಬಾಗಿಲು ಹಾಕಿದ ಕೋಣೆಯಲ್ಲಿ ಸಾಕ್ಷ್ಯ. ಅವನು ಮೂಲೆಯಲ್ಲಿ ಕೂತಿದ್ದ. ಅವಳನ್ನು ನಾಚಿಕೆಯಿಂದಲೇ ಕೊಂದುಬಿಡಬಹುದು ಅನ್ನುವುದು ಅವನ ವಕೀಲರ ಲೆಕ್ಕಾಚಾರ. ಧ್ವನಿ ಎತ್ತರಿಸಿ ಕೇಳಿದರು: "ಆ ಪಟವನ್ನು ಮೊಟ್ಟಮೊದಲು ಕಳಿಸಿದ್ದು ನೀವೇ ಅಲ್ಲವೇ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

ನಾನು ಆಕ್ಷೇಪಿಸಲು ಎದ್ದೆ. ಅವಳು ಕೈ ಸನ್ನೆಯಲ್ಲೇ ನನ್ನನ್ನು ಕೂರಿಸಿದಳು.

"ಹೌದು. ನಾನು ಕಳಿಸಿದೆ" ಅಂದಳು. "ಒಬ್ಬನಿಗೆ. ಅವನನ್ನು ನಂಬಿದ್ದೆ, ಅದಕ್ಕೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ನನ್ನನ್ನು ಕೇಳದೆ ಊರಿಗೆಲ್ಲ ಕಳಿಸಿದವನು ಅಲ್ಲಿ ಕೂತಿದ್ದಾನೆ. ನಾಚಿಕೆಯ ಪ್ರಶ್ನೆ ಇದ್ದರೆ ಅವನನ್ನು ಕೇಳಿ."

ವಕೀಲರು ಕೈಯಲ್ಲಿದ್ದ ಹಾಳೆಗಳನ್ನು ತಿರುವಿದರು, ಮತ್ತೆ ತಿರುವಿದರು. ಜಡ್ಜ್ ಟೈಪಿಸ್ಟಿನ ಕಡೆ ನೋಡಿ, "ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಒಂದು ಪದ ಬಿಡಬೇಡಿ" ಅಂದರು. ಆಮೇಲೆ ವಕೀಲರಿಗೆ, "ಇನ್ನೇನಾದರೂ ಇದೆಯಾ?" ಅಂದರು.

"ಇಲ್ಲ" ಅಂತ ಅವರು ಕೂತುಬಿಟ್ಟರು. ಅವಳು ನೀರು ಕೇಳಿ ಕುಡಿದು, ಸೆರಗು ಸರಿಮಾಡಿಕೊಂಡು ಕೆಳಗಿಳಿದು ಬಂದು, "ಅಕ್ಕ, ನಾನು ಹೊರಡಲಾ? ಎರಡು ಗಂಟೆಗೆ ಏಳನೇ ಕ್ಲಾಸಿಗೆ ಪಾಠ ಇದೆ" ಅಂದಳು.